ಬೆಕ್ಕಿನ ಮೇಷ್ಟ್ರು

ಬೆಂಗಳೂರಿನ ಬಡಾವಣೆಗಳಲ್ಲಿ ಈಚೆಗೆ ಬೀದಿಗೊಬ್ಬರಾದರೂ ಬೆಕ್ಕಿನ ಮೇಷ್ಟ್ರು ಸಿಗುತ್ತಾರೆ. ವೃತ್ತಿಯಲ್ಲಿ ಅವರು ಬ್ಯಾಂಕಿನವರೋ ಸಾಫ್ಟ್‌ವೇರಿನವರೋ ಆಗಿರಬಹುದು. ನಿವೃತ್ತ ಇಂಜಿನಿಯರಾಗಿದ್ದರಂತೂ ಲಕ್ಷಣಗಳು ಸಂಪೂರ್ಣ. ಫ್ಲ್ಯಾಟ್ ಬಿಟ್ಟು ಸ್ವಂತ ಮನೆಗೆ ಬಂದ ಮೇಲೋ, ಬೆಕ್ಕಿನ ಟ್ರೇಗೆ ಸುರಿಯುವ ಲಿಟರ್ ಚೀಲದ ಬಿಲ್ಲನ್ನು ಅಕ್ಕಿಯ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದ ಮೇಲೋ ಅವರಲ್ಲೊಂದು ಸಂಕಲ್ಪ ಹುಟ್ಟುತ್ತದೆ: ಇಷ್ಟು ದಿನ ಬಚ್ಚಲುಮನೆಯ ಮೂಲೆಯ ಟ್ರೇಯಲ್ಲಿ ಬಾಧೆ ತೀರಿಸಿಕೊಳ್ಳುತ್ತಿದ್ದ ಬೆಕ್ಕು ಇನ್ನು ಹೊರಗೆ ಹೋಗಿ ಬರಬೇಕು. ಅಂದಿನಿಂದ ಬೆಕ್ಕಿಗೆ ಪಾಠ, ಬೀದಿಯವರಿಗೆ ವರದಿ. "ಚಿನ್ನು ಟ್ರೈನಿಂಗ್‌ನಲ್ಲಿದಾಳೆ ಸಾರ್" ಎನ್ನುವಾಗ ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರುವುದಿಲ್ಲ. ಪಾಠವೆಂದರೆ ಹೀಗೆ: ಬೆಕ್ಕನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ತಂದು, ಕಾಂಪೌಂಡಿನ ಮೂಲೆಯಲ್ಲಿಳಿಸಿ, ಅದರ ಮುಂಗಾಲೆರಡನ್ನೂ ಹಿಡಿದು ಮಣ್ಣು ಕೆರೆಸುವುದು. ಬೆಕ್ಕು ಅವರ ಮುಖವನ್ನೊಮ್ಮೆ ನೋಡುತ್ತದೆ, ಕಾಲು ಕೊಡವಿಕೊಳ್ಳುತ್ತದೆ, ಬಾಗಿಲಿಂದ ಒಳಗೆ ಹೋಗಿ ನೇರವಾಗಿ ಟ್ರೇ ಹತ್ತುತ್ತದೆ.

ಇದು ಅಜ್ಜಿಗೆ ಕೆಮ್ಮು ಕಲಿಸುವ ಕೆಲಸ ಎಂಬುದೇ ನನ್ನ ವಾದ. ಮನೆಬೆಕ್ಕಿನ ಪೂರ್ವಿಕರು ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದ ಒಣನೆಲದ ಕಾಡುಬೆಕ್ಕುಗಳು. ಸಡಿಲ ಮಣ್ಣು ಕೆರೆದು, ಕೂತು, ವಾಸನೆ ನೋಡಿ ಮುಚ್ಚುವ ಕ್ರಮ ಬೆಕ್ಕಿನ ರಕ್ತದಲ್ಲೇ ಇದೆ. ಸೈಪ್ರಸ್‌ನಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿದ್ದ ಬೆಕ್ಕಿನ ಅಸ್ಥಿ ಸುಮಾರು 9,500 ವರ್ಷ ಹಳೆಯದು. ಅಷ್ಟು ಕಾಲದ ಸಹವಾಸದಲ್ಲಿ ಅಂಗಡಿಯ ಲಿಟರ್ ಬಂದದ್ದು ಮೊನ್ನೆ ಮೊನ್ನೆ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಪಕ್ಕದ ಮನೆಯಾಕೆ ಬೆಕ್ಕಿಗಾಗಿ ಮರಳು ಕೇಳಿ ಬಂದಾಗ ಎಡ್ವರ್ಡ್ ಲೋ ಎಂಬಾತ ಎಣ್ಣೆ ಹೀರಲು ಬಳಸುವ ಜೇಡಿಮಣ್ಣಿನ ಹರಳು ಕೊಟ್ಟ. ಅದು ಹಿಡಿಸಿದ್ದೇ ಚೀಲಕ್ಕೆ ತುಂಬಿ ಮಾರತೊಡಗಿದ. ಅದಕ್ಕೆ ಮೊದಲು ಬೂದಿ, ಮರಳಿನಲ್ಲೇ ನಡೆಯುತ್ತಿತ್ತು. ಅಂದರೆ ಟ್ರೇಯಲ್ಲಿರುವುದೂ ಮಣ್ಣೇ. ಉಂಡೆಗಟ್ಟುವ ಲಿಟರ್‌ನ ಬೆಂಟೊನೈಟ್ ನಮ್ಮ ಕಚ್ಛ್‌ನಲ್ಲೇ ಅಗೆಯುವ ಜೇಡಿ. ಅಲ್ಲಿಂದ ಬೆಂಗಳೂರಿಗೆ ಮಣ್ಣು ತರಿಸಿಕೊಳ್ಳುವ ಮೇಷ್ಟ್ರು ತಮ್ಮ ಮೂವತ್ತು-ನಲವತ್ತರ ಸೈಟಿನ ಮಣ್ಣಿಗೆ ಗೋಡೆಯಿಂದ ಗೋಡೆಯವರೆಗೆ ಟೈಲ್ಸ್ ಹಾಕಿಸಿರುತ್ತಾರೆ. ಅವರ ವಿದ್ಯಾರ್ಥಿನಿ ಪರೀಕ್ಷೆ ಬರೆಯುವುದಾದರೂ ಎಲ್ಲಿ?

ಪಕ್ಕದ ಮನೆಯ ಕುಂಡದಲ್ಲಿ. ಇಲ್ಲಿ ಬೆಕ್ಕಿನ ವಿವೇಚನೆಯನ್ನು ಮೆಚ್ಚಲೇಬೇಕು. ದಾಸವಾಳದ ಗಟ್ಟಿ ಮಣ್ಣಿನ ಕುಂಡ ಅದಕ್ಕೆ ಬೇಡ, ದಿನಾ ನೀರುಂಡು ಕೆಸರಾದ ತುಳಸಿಕಟ್ಟೆಯೂ ಬೇಡ. ಕೆಮ್ಮಣ್ಣು ಜರಡಿ ಹಿಡಿದು, ತೆಂಗಿನ ನಾರಿನ ಪುಡಿ ಬೆರೆಸಿ, ಧನಿಯಾ ಒಡೆದು ಬಿತ್ತಿ, ಇನ್ನೂ ಮೊಳಕೆ ಕಾಣದ ಕೊತ್ತಂಬರಿ ಕುಂಡವೇ ಆಗಬೇಕು. ಸಡಿಲು, ನುಣುಪು, ಮೇಲೆ ಒಣ, ಕೆಳಗೆ ಹೀರುವ ಗುಣ: ಲಿಟರ್ ಚೀಲದ ಮೇಲೆ ಅಚ್ಚು ಹಾಕುವ ಗುಣಗಳೆಲ್ಲ ಅಲ್ಲಿವೆ. (ಈ ಪ್ಯಾರಾದಲ್ಲಿ ಕುಂಡದ ಮಾಲೀಕರ ಪಕ್ಷಪಾತ ಕಂಡರೆ ಓದುಗರು ಸಹಿಸಿಕೊಳ್ಳಬೇಕು.) ಆಕ್ಷೇಪಿಸಿದರೆ ಮೇಷ್ಟ್ರ ಉತ್ತರ ಸಿದ್ಧ: "ಒಳ್ಳೇ ಗೊಬ್ಬರ ಸಾರ್!" ಅಲ್ಲ. ಮಾಂಸಾಹಾರಿಯ ಮಲ ಸೆಗಣಿಯಾಗುವುದಿಲ್ಲ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಮೊಟ್ಟೆಯಂಥ ಕಣಗಳಿರಬಹುದು. ಹೊರಬಿದ್ದು ಒಂದರಿಂದ ಐದು ದಿನಗಳಲ್ಲಿ ಅವು ರೋಗ ಹರಡಬಲ್ಲವಾಗುತ್ತವೆ, ಒದ್ದೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಗರ್ಭಿಣಿಯರಿಗೆ ಅದು ಅಪಾಯ. ಸೊಪ್ಪು ಬೆಳೆಯುವ ಜಾಗ ಬೆಕ್ಕಿನದಾಗಬಾರದು.

ಹಾಗಾದರೆ ಟ್ರೇಯೇ ಒಳ್ಳೆಯದಲ್ಲವೇ ಎಂದು ಕೇಳಬಹುದು. ಕೇಳುವವರ ಪಾಲಿಗೂ ನ್ಯಾಯವಿದೆ. ದಿನಾ ಬಳಿದು ತೆಗೆದರೆ ಆ ಕಣಗಳು ಬಲಿಯುವ ಮೊದಲೇ ಹೊರಟುಹೋಗುತ್ತವೆ. ಗಂಡುಬೆಕ್ಕಿಗೆ ಉಚ್ಚೆ ಕಟ್ಟಿ ತಿಣುಕುತ್ತಿದ್ದರೆ ಟ್ರೇಯಲ್ಲಿ ಕಣ್ಣಿಗೆ ಬೀಳುತ್ತದೆ, ಪೊದೆಯ ಹಿಂದೆ ಬೀಳುವುದಿಲ್ಲ. ಒಂದೆರಡು ದಿನದಲ್ಲೇ ಜೀವಕ್ಕೆ ಬರುವ ಕಾಯಿಲೆ ಅದು. ಬೀದಿನಾಯಿಗಳಿವೆ, ಆಷಾಢದ ಜಿಟಿಜಿಟಿ ಮಳೆಯಿದೆ. ಆದರೆ ಇವೆಲ್ಲ ಟ್ರೇಯನ್ನು ಉಳಿಸಿಕೊಳ್ಳಲು ಕಾರಣಗಳೇ ಹೊರತು ಮಣ್ಣನ್ನು ನಿರಾಕರಿಸಲು ಅಲ್ಲ. ಎರಡೂ ಇರಲಿ. ಮೇಷ್ಟ್ರಿಗೆ ಮಾತ್ರ ಒಳಗೆ ಟ್ರೇ ಉಳಿದರೆ ತಾವೇ ಫೇಲಾದಂತೆ.

ನಿಜವಾದ ಕ್ರಮದಲ್ಲಿ ಬೆಕ್ಕಿಗೆ ಕೆಲಸವೇ ಇಲ್ಲ. ಲಿಟರ್‌ಗೆ ದಿನವೂ ಒಂದೊಂದು ಹಿಡಿ ತೋಟದ ಮಣ್ಣು ಬೆರೆಸುತ್ತ ಹೋಗಬೇಕು. ಟ್ರೇಯನ್ನು ಬಚ್ಚಲಿಂದ ಬಾಗಿಲಿಗೆ, ಬಾಗಿಲಿಂದ ಜಗಲಿಗೆ, ಜಗಲಿಯಿಂದ ಅಂಗಳಕ್ಕೆ ಸ್ವಲ್ಪ ಸ್ವಲ್ಪವೇ ಸರಿಸಬೇಕು; ಬೆಕ್ಕು ತಕರಾರು ತೆಗೆದರೆ ಒಂದು ಹೆಜ್ಜೆ ಹಿಂದಕ್ಕೆ. ಹೊರಗೆ ಗೊತ್ತುಮಾಡಿದ ಜಾಗದಲ್ಲಿ ಬಳಸಿದ ಲಿಟರ್ ಸ್ವಲ್ಪ ಹೂಳಬೇಕು, ವಾಸನೆಯೇ ಅದಕ್ಕೆ ವಿಳಾಸ. ಆಮೇಲೆ ಅಲ್ಲಿಂದ ತೊಲಗಬೇಕು. ಮೇಷ್ಟ್ರಿಗೆ ಕಷ್ಟವಾಗುವುದು ಈ ಕೊನೆಯ ಪಾಠವೇ. ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತು, "ಮಾಡು ಪುಟ್ಟಾ, ಮಾಡು" ಎಂದು ಉತ್ತೇಜಿಸುವವರ ಎದುರು ಯಾವ ಮಾನವಂತ ಪ್ರಾಣಿ ಕೂತೀತು? ಆದರೂ ಇವರ ಮೇಲೆ ಪೂರ್ತಿ ಮುನಿಯಲಾಗದು. ಹಿತ್ತಲಿದ್ದ ಮನೆಗಳಲ್ಲಿ ಬೆಕ್ಕು ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿದವರಲ್ಲ; ಬಾಳೆಯ ಬುಡ, ಬೂದಿಗುಂಡಿ, ಏನಾದರೊಂದು ಇರುತ್ತಿತ್ತು. ಹಿತ್ತಲನ್ನು ಕಾರಿಗೆ ಬಿಟ್ಟುಕೊಟ್ಟವರು ಮೇಷ್ಟ್ರೊಬ್ಬರೇ ಅಲ್ಲ, ಕೊತ್ತಂಬರಿಯನ್ನು ಕುಂಡದಲ್ಲಿ ಬೆಳೆಯುವವರ ಮನೆಯಲ್ಲೂ ನೆಲ ಗ್ರಾನೈಟೇ. ಮೆಟ್ಟಿಲ ಕೆಳಗೆ ನಾಲ್ಕು ಟೈಲ್ಸ್ ಕಿತ್ತು, ಮೊಳದುದ್ದ ಅಗೆದು ಮರಳುಮಣ್ಣು ತುಂಬಿದರೆ ಚಿನ್ನು ತಾನಾಗಿ ಪಾಸಾಗುತ್ತಾಳೆ. ಟೈಲ್ಸ್ ಇಟಾಲಿಯನ್ ಆದ್ದರಿಂದ ಮೇಷ್ಟ್ರು ಇನ್ನೂ ಯೋಚಿಸುತ್ತಿದ್ದಾರೆ. ಅಲ್ಲಿಯವರೆಗೆ ಕುಂಡಗಳ ಮೇಲೆ ಕಬ್ಬಿಣದ ಜಾಲರಿ ಮುಚ್ಚುವ ಖರ್ಚು ಪಕ್ಕದ ಮನೆಯವರದು.