ಕುಣಿಕೆ ಮೀಮಾಂಸೆ: ಯಗಟಿ ಸೀಮೆಯ ಮರಗಳನ್ನು ಅನುಸರಿಸಿ

ಮರಕ್ಕೂ ಅದನ್ನು ಹತ್ತಿದವನಿಗೂ, ಇಲ್ಲವೇ ಮರಕ್ಕೂ ಅದರಿಂದ ಕಡಿದಿಳಿಸುವ ರೆಂಬೆಗೂ ನಡುವೆ ನಿಂತು ಭಾರ ಹೊರುವ ಹಗ್ಗದ ಸುತ್ತೇ ಕುಣಿಕೆ. ಕಡೂರು ತಾಲ್ಲೂಕಿನ ಯಗಟಿ ಸೀಮೆಯಲ್ಲಿ ತೆಂಗು, ಅಡಿಕೆ, ಹುಣಸೆ ಮೂರೂ ಇರುವುದರಿಂದ ಕುಣಿಕೆಯೂ ತ್ರಿವಿಧ: ಪಾದಸ್ಥ, ಕಟಿಸ್ಥ, ಶಾಖಾಸ್ಥ. ಗಳಕ್ಕೆ ಕುಡುಗೋಲು ಕಟ್ಟಿ ನೆಲದಿಂದಲೇ ಕಾಯಿ ಕೀಳುವವರು ಈ ಶಾಸ್ತ್ರಕ್ಕೆ ಹೊರಗಿನವರು.

ಪಾದಸ್ಥ: ಇದೇ ತಳೆ. ಇದು ಆಳನ್ನು ಹಿಡಿಯುವುದಿಲ್ಲ. ಎರಡು ಪಾದ ಅಗಲವಾಗದಂತೆ ತಡೆದು, ಕಾಲಿನ ಒತ್ತನ್ನು ಘರ್ಷಣೆಯಾಗಿಸುತ್ತದೆ. ಅಡಿಕೆಯ ತಳೆ ತೆಂಗಿಗೆ ಸಾಲದು, ತೆಂಗಿನದು ಅಡಿಕೆಗೆ ಸಡಿಲ. ಎರಡಕ್ಕೂ ಒಂದೇ ಸಾಕೆನ್ನುವ ಪಂಥವೂ ಇದೆ. ಅದರ ಅನುಯಾಯಿಗಳು ಕಡಿಮೆಯಾಗುತ್ತ ಬಂದಿರುವುದಕ್ಕೆ ಕಾರಣ ವಿವರಿಸಬೇಕಿಲ್ಲ.

ಕಟಿಸ್ಥ: ಸೊಂಟವನ್ನೂ ಕಾಂಡವನ್ನೂ ಸುತ್ತುವಂಥದು. ಹಿಂದಕ್ಕೆ ಒರಗಿದರೆ ಎರಡೂ ಕೈ ಬಿಡುವು. ತೆಂಗಿಗೆ ರೆಂಬೆಯಿಲ್ಲದ್ದರಿಂದ ತೊಡಕಿಲ್ಲ. ಹುಣಸೆಯಲ್ಲಿ ರೆಂಬೆ ರೆಂಬೆಗೂ ಬಿಚ್ಚಿ ಕಟ್ಟಬೇಕಾದ್ದರಿಂದ ಕುಣಿಕೆ ಎರಡಿರಬೇಕು. ಎರಡನೆಯದು ಮನೆಯಲ್ಲಿ ಮರೆತು ಬರತಕ್ಕದ್ದು. ಇದರ ಉಪಭೇದ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟ ಗಂಟು: ದಪ್ಪ ಹಗ್ಗಕ್ಕೆ ಸಣ್ಣ ಕುಣಿಕೆಯನ್ನು ಎರಡು ಮೂರು ಸುತ್ತು ಹೆಣೆದದ್ದು. ಹೊರೆ ಬಿದ್ದಾಗ ಜಾರಿಕೊಳ್ಳುವುದು ನೆಂಟರ ಲಕ್ಷಣ. ಹೊರೆ ಬಿದ್ದಾಗಲೇ ಕಚ್ಚಿ ಹಿಡಿಯುವುದು ಈ ಗಂಟಿನ ಲಕ್ಷಣ.

ಶಾಖಾಸ್ಥ: ರೆಂಬೆ ಇಳಿಸುವಂಥದು. ನೇರ ಕಟ್ಟಿದರೆ ಹಗ್ಗದ ಬಲ ಒಂದು ಪಾಲು. ಜೀರುಗುಣಿಕೆ ಹಾಕಿದರೆ ಸುಮಾರು ಐದರಲ್ಲಿ ನಾಲ್ಕು ಪಾಲು. ತೊಟ್ಟಿಲಂತೆ ಎರಡೆಳೆಯಲ್ಲಿ ನೇತುಹಾಕಿದರೆ ಎರಡು ಪಾಲು. ಎಳೆಗಳ ನಡುವಿನ ಕೋನ 120 ಡಿಗ್ರಿಯಾದರೆ ಒಂದೊಂದು ಎಳೆಯೂ ಪೂರ್ತಿ ಭಾರ ಹೊತ್ತು, ಲಾಭ ಸೊನ್ನೆ.

ಕೆಳಗೆ ಹಗ್ಗದ ತುದಿಯನ್ನು ಕಾಂಡಕ್ಕೆ ಸುತ್ತಿ ಹಿಡಿಯುವುದು ವಿಧಿ. ಘರ್ಷಣಾಂಕ 0.25 ಎಂದಿಟ್ಟುಕೊಂಡರೆ, ಆಯ್ಲರ್‌ನ ಸೂತ್ರದಂತೆ ಒಂದು ಸುತ್ತಿಗೆ ಕೈಯ ಬಲ ಸುಮಾರು 5 ಪಟ್ಟು, ಮೂರು ಸುತ್ತಿಗೆ ಸುಮಾರು 111 ಪಟ್ಟು. ಹೀಗಾಗಿ ಒಬ್ಬನೇ ಸಾಕು. ಆದರೂ ಐವರು ಬೇಕು: ಒಬ್ಬ ಹಿಡಿಯಲು, ಇಬ್ಬರು ‘ಬಿಡೋ, ಬಿಡೋ’ ಎನ್ನಲು, ಇಬ್ಬರು ‘ಹಿಡಿಯೋ, ಹಿಡಿಯೋ’ ಎನ್ನಲು. ಎರಡು ಆಜ್ಞೆಗಳೂ ಒಟ್ಟಿಗೆ ಹೊರಡುವುದರಿಂದ ರೆಂಬೆಯು ಗುರುತ್ವಾಕರ್ಷಣೆಯ ಮಾತನ್ನು ಕೇಳುತ್ತದೆ.

ಪೂರ್ವಪಕ್ಷ: ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ‘ತೆಂಗಿನ ಮರಗಳ ಸ್ನೇಹಿತರು’ ಯೋಜನೆಯಲ್ಲಿ ಮರ ಹತ್ತುವ ಯಂತ್ರದ ತರಬೇತಿ ಕೊಡುತ್ತಿರುವುದರಿಂದ ಕುಣಿಕೆಯ ಕಾಲ ಮುಗಿಯಿತು. ಸಿದ್ಧಾಂತ: ಆ ಯಂತ್ರವೂ ಎರಡು ಉಕ್ಕಿನ ಹಗ್ಗದ ಕುಣಿಕೆಗಳಿಂದಲೇ ಕಾಂಡವನ್ನು ತಬ್ಬುತ್ತದೆ. ಬದಲಾದದ್ದು ದ್ರವ್ಯ ಮಾತ್ರ.

ದ್ರವ್ಯವಿಚಾರ: ತೆಂಗಿನ ನಾರು ತೊಗಟೆಯನ್ನು ಚೆನ್ನಾಗಿ ಕಚ್ಚುತ್ತದೆ, ನೆನೆದು ನೆನೆದು ಕೊಳೆಯುತ್ತದೆ. ನೈಲಾನ್ ಹಿಗ್ಗಿ ಜಗ್ಗು ತಾಳುತ್ತದೆ, ಬಿಸಿಲಿಗೆ ಸವೆಯುತ್ತದೆ. ಹೊಸ ಹಗ್ಗ ಮೊದಲು ಮರ ಹತ್ತುವವನಿಗೆ, ಹಳತಾದ ಮೇಲೆ ದನಕ್ಕೆ, ಕೊನೆಗೆ ಬಾವಿಯ ಕೊಡಕ್ಕೆ ಎಂಬುದು ಶಾಸ್ತ್ರ. ಮೊದಲು ಬಾವಿಗೆ, ಆಮೇಲೆ ದನಕ್ಕೆ, ದನವೂ ಹರಿದುಕೊಂಡು ಹೋದ ಮೇಲೆ ಮರ ಹತ್ತುವವನಿಗೆ ಎಂಬುದು ರೂಢಿ. ತೋಟದ ಯಜಮಾನರು ಕೆಳಗೇ ನಿಂತಿರುವುದರಿಂದ ಈ ರೂಢಿಯಲ್ಲಿ ಅವರಿಗೆ ಯಾವ ದೋಷವೂ ಕಂಡಿಲ್ಲ.