ಕಡಲ ಉಮೇದುವಾರ

ಮಳೆಗಾಲದ ಆರ್ಭಟವಡಗಿ, ಕುಮಟೆ-ಗೋಕರ್ಣಗಳ ಕಡಲು ಸಣ್ಣ ದೋಣಿಗಳಿಗೆ ಮತ್ತೆ ಪ್ರಸನ್ನವಾಗುವ ಕಾಲದಲ್ಲಿ, ತದಡಿಯ ಧಕ್ಕೆಯ ಮೇಲೆ, ಕೊರಳಿಗೆ ದುರ್ಬೀನು, ಕಿವಿ ಕತ್ತುಗಳನ್ನೂ ಮರೆಸುವ ಟೊಪ್ಪಿಗೆ, ಮೂಗಿಗೆ ಬಿಳಿಯ ಮುಲಾಮು, ಮೈಗೆ ಲೆಕ್ಕವಿಲ್ಲದ ಜೇಬುಗಳ ಅಂಗಿ, ಇಷ್ಟರಿಂದ ಅಲಂಕೃತನಾದ ತರುಣನೊಬ್ಬನು ಕಾಣಸಿಗುವುದುಂಟು. ಈತನೇ ಸಾಗರ ಸಸ್ತನಿಗಳ ಸಂಶೋಧನೆಯ ಇಂಟರ್ನ್, ಅಂದರೆ ಸಂಬಳವಿಲ್ಲದ ಉಮೇದುವಾರ. ಊಟ ವಸತಿಗಳ ವೆಚ್ಚವನ್ನು ತಂದೆಯೇ ಭರಿಸುತ್ತಿರುವುದರಿಂದ, ಮಗನು ಕೈಗೊಂಡಿರುವುದು ಉದ್ಯೋಗವೋ ತೀರ್ಥಯಾತ್ರೆಯೋ ಎಂಬ ಸಂದೇಹ ಮನೆಯವರಿಗೆ ಕಡೆಯತನಕ ಪರಿಹಾರವಾಗುವುದಿಲ್ಲ.

ಸಿನಿಮಾದ ಡಾಲ್ಫಿನ್ನುಗಳಂತೆ ಇಲ್ಲಿಯವೂ ತನ್ನನ್ನು ಕಂಡೊಡನೆ ಆಕಾಶಕ್ಕೆ ನೆಗೆದಾವೆಂಬ ಭರವಸೆಯಿಂದ ಆತನು ಬಂದಿರುತ್ತಾನೆ. ನಮ್ಮ ಕರಾವಳಿಯ ಗೂನುಬೆನ್ನಿನ ಡಾಲ್ಫಿನ್ನಿಗಾದರೋ ಅಷ್ಟು ದಾಕ್ಷಿಣ್ಯವಿಲ್ಲ. 2014ರಲ್ಲಿ ಪಂಡಿತರು ಅದಕ್ಕೆ ಪ್ರತ್ಯೇಕ ಪ್ರಭೇದದ ಪದವಿಯನ್ನು ದಯಪಾಲಿಸಿದರೂ, ಅದು ದಡದ ಸಮೀಪದ ಆಳವಿಲ್ಲದ ನೀರಿನಲ್ಲಿ ಬೂದುಬಣ್ಣದ ಗೂನನ್ನು ಕ್ಷಣಮಾತ್ರ ಮೇಲೆತ್ತಿ, ಒಂದು ಉಸಿರು ಬಿಟ್ಟು, ಕ್ಯಾಮೆರಾದ ಕಡೆಗೆ ಕಣ್ಣೆತ್ತಿಯೂ ನೋಡದೆ ಮುಳುಗಿಬಿಡುತ್ತದೆ. ಬೆನ್ನುರೆಕ್ಕೆಯ ಗಾಯದ ಗುರುತುಗಳಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಗುರುತಿಸತಕ್ಕದ್ದು. ಕೆನಡಾದ ಮೈಕೆಲ್ ಬಿಗ್ 1970ರ ದಶಕದಲ್ಲಿ ಓರ್ಕಾಗಳನ್ನು ಛಾಯಾಚಿತ್ರಗಳಿಂದಲೇ ಪತ್ತೆಹಚ್ಚಿದ ಕ್ರಮ ಇದೇ. ನಮ್ಮ ತರುಣನ ಛಾಯಾಚಿತ್ರಗಳಲ್ಲಿ ರೆಕ್ಕೆ ಇರುವುದಿಲ್ಲ, ರೆಕ್ಕೆ ಆಗತಾನೇ ತೆರವು ಮಾಡಿದ ನೀರು ಮಾತ್ರ ಇರುತ್ತದೆ. ರಾತ್ರಿಯೆಲ್ಲ ಕುಳಿತು ಆ ನೀರನ್ನು ವಿಂಗಡಿಸುತ್ತಾನೆ.

ಮೊದಮೊದಲು ಆತನಿಗೆ ತೇಲುವ ತೆಂಗಿನಕಾಯಿಯೂ ಡಾಲ್ಫಿನ್ನೇ. "ಅಣ್ಣಾ, ಅಲ್ಲಿ! ಅಲ್ಲಿ!" ಎಂದು ಎದ್ದು ನಿಂತು ದೋಣಿಯನ್ನು ವಾಲಿಸಿದಾಗ, ಅದನ್ನು ನಡೆಸುವ ತಂಡೇಲನು ಬೀಡಿಯನ್ನು ಬಾಯಿಂದ ತೆಗೆಯದೆಯೇ, "ಅದು ನೀರುಕಾಗೆ, ತಮ್ಮಾ, ಕೂತ್ಕೋ" ಎನ್ನುತ್ತಾನೆ. ನಿಜವಾದ ಡಾಲ್ಫಿನ್ನು ಮೂಡುವುದು ದುರ್ಬೀನಿಲ್ಲದ ತಂಡೇಲನ ಕಣ್ಣಿಗೇ. ವರದಿಯಲ್ಲಿ ಮಾತ್ರ ವೀಕ್ಷಕರ ಹೆಸರಿನ ಅಂಕಣದಲ್ಲಿ ಉಮೇದುವಾರನಿರುತ್ತಾನೆ. (ವಿದ್ವತ್ತಿನ ಇತರ ಕ್ಷೇತ್ರಗಳಲ್ಲಿಯೂ ಈ ಪದ್ಧತಿಯನ್ನು ನಾನು ಕಂಡಿದ್ದೇನೆ.)

ನಮೂನೆಗಳನ್ನು ತುಂಬುವುದರಲ್ಲಿ ಆತನ ನಿಷ್ಠೆ ಅಗ್ನಿಹೋತ್ರಿಗಳಿಗೂ ದುರ್ಲಭವಾದುದು. ಬ್ರಿಟಿಷ್ ನೌಕಾಪಡೆಯ ಬ್ಯೂಫೋರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾಪಕದಲ್ಲಿ ಕಡಲು 3ನ್ನು ದಾಟಿತೋ, ನೊರೆಯ ನಡುವೆ ರೆಕ್ಕೆ ಕಾಣದೆಂದು ಕೆಲಸ ನಿಲ್ಲುತ್ತದೆ. ದಾಟದಿದ್ದರೆ ಬಿಸಿಲಿನ ಝಳ, ಮೋಡ, ಬಲೆಗಳ ಸಂಖ್ಯೆ, ಎಲ್ಲವನ್ನೂ ಬರೆದು, ಡಾಲ್ಫಿನ್ ಎಂಬಲ್ಲಿ "ಸೊನ್ನೆ" ಎಂದು ಬರೆಯಬೇಕು. ಎಷ್ಟು ನೀರನ್ನು ಜಾಲಾಡಿದೆವೆಂಬುದು ತಿಳಿಯದೆ, ಎಷ್ಟು ಕಂಡೆವೆಂಬುದಕ್ಕೆ ಬೆಲೆಯಿಲ್ಲವಾದ್ದರಿಂದ ಆ ಸೊನ್ನೆಯೂ ಶಾಸ್ತ್ರಕ್ಕೆ ಬೇಕು. ಇದನ್ನು ದೂರವಾಣಿಯಲ್ಲಿ ತಾಯಿಗೆ ವಿವರಿಸುವುದು ಕಷ್ಟ.

ಹತ್ತಿರದಿಂದ ದರ್ಶನವಾಗುವುದು ಸಾಮಾನ್ಯವಾಗಿ ಸತ್ತು ದಡಕ್ಕೆ ಬಿದ್ದ ಪ್ರಾಣಿಯದು. ಮೂತಿಯ ತುದಿಯಿಂದ ಬಾಲದ ಸೀಳಿನವರೆಗೆ ಅಳತೆಪಟ್ಟಿ ಹಿಡಿದು ಹಿಂದಿರುಗುವಾಗ, ನೂಕುನುಗ್ಗಲಿನ ಕುಮಟೆ ಬಸ್ಸಿನಲ್ಲಿಯೂ ಆತನಿಗೆ ಮೂವರ ಆಸನ ಏಕಾಂತವಾಗಿ ದೊರೆಯುತ್ತದೆ.

ಇಂಥವನೊಬ್ಬ ತರಬೇತಿ ಮುಗಿಸಿ ಬಂದ ವಾರದಲ್ಲೇ ನೆಂಟರ ಮದುವೆ ಒದಗಿತು. ಮೊದಲ ಪಂಕ್ತಿಗೆ ಎಷ್ಟು ಎಲೆಯೆಂದು ನೋಡಿಬರಲು ಸೋದರಮಾವನು ಕಳುಹಿಸಲಾಗಿ, ಆತನು ಮಹಡಿಯ ಮೇಲೆ ನಿಂತು, ಸಭಾಂಗಣವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಅವಲೋಕಿಸಿ, ಕೆಳಗಿಳಿದು ನಿವೇದಿಸಿದನು: "ಕನಿಷ್ಠ 140, ಗರಿಷ್ಠ 190, ಒಪ್ಪಬಹುದಾದ ಅಂದಾಜು 165, ಅದರಲ್ಲಿ ಮರಿಗಳು 22. ಗುಂಪು ಇನ್ನೂ ಒಂದೆಡೆಯೇ ಸುತ್ತಾಡುತ್ತಿದೆ, ಆಹಾರಾನ್ವೇಷಣೆ ಆರಂಭವಾಗಿಲ್ಲ."

ಅಡಿಗೆಯ ಭಟ್ಟರು ಗರಿಷ್ಠಕ್ಕೇ ಎಲೆ ಹಾಕಿಸಿದರು.