ಬಿಸಿಲಿಗೆ ಜಾಣರು ಹೊರಬೀಳರು

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏಪ್ರಿಲ್‌ನ ನಡುಮಧ್ಯಾಹ್ನ ಹತ್ತುವವರಿಗೆ ಕಾಣುವ ವನ್ಯಜೀವಿಗಳು ಎರಡೇ: ಬಂಡೆ ಮೇಲೆ ತಲೆ ಕುಣಿಸುವ ಓತಿಕ್ಯಾತ, ಕೈಚೀಲಕ್ಕೆ ಕೈ ಹಾಕುವ ಕೋತಿ.

ನಕ್ಷತ್ರ ಆಮೆಗಾಗಿ ಕೊರಟಗೆರೆಯ ಕುರುಚಲು ಕಾಡಲ್ಲಿ ಬೆವರಿಳಿಸುವವರನ್ನು ಅದು ಪೊದೆಯೊಳಗಿಂದಲೇ ನೋಡುತ್ತಿರುತ್ತದೇನೋ! ಬಿರುಬೇಸಿಗೆಯಲ್ಲಿ ನೆರಳು ಬಿಟ್ಟು ಕದಲದ ಪ್ರಾಣಿ, ಮಳೆ ಬಿದ್ದ ಮೇಲೆ ಹುಲ್ಲು ಮೇಯಲು ಸವಾರಿ ಹೊರಡುತ್ತದೆ. ಕೆರೆಯ ಆಮೆ ಇನ್ನೂ ಘಾಟಿ. ನೀರು ಬತ್ತಿದರೆ ಕೆಸರಲ್ಲೇ ಹೂತುಕೊಂಡು ಮಲಗಿಬಿಡುತ್ತದೆ.

ಪಾವಗಡದ ಬಿಸಿಲನ್ನು ಹುಡುಕಿಕೊಂಡು ಬಂದದ್ದು 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಮಾತ್ರ.

ಬರಿಗೈಲಿ ಮರಳಲೊಲ್ಲದವರು ಶಿರಾ ಬಳಿಯ ಕಗ್ಗಲಡುವಿಗೆ ಹೋಗಲಿ. ಅಲ್ಲಿ ಊರ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆಗಳ ಬಾಣಂತನ ನಡೆದಿರುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಲ್ಲಿ ಕೃಷ್ಣಮೃಗಗಳೂ ಬೆಳಗಿನ ಹೊತ್ತು ದರ್ಶನ ಕೊಡುತ್ತವೆ.

ನಕ್ಷತ್ರ ಆಮೆ ಕಂಡರೂ ಅದೃಷ್ಟವೆಂದು ಮನೆಗೆ ಹೊತ್ತು ತರಬೇಡಿ. ತಂದವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲೂಟ ಉಂಟು.